ತಾರವ್ವನ ಕೊಳವೆ

ತಪ್ಪು ಸಿಂಕಿನದಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಬೋರಗಾಂವದಲ್ಲಿ ಈಗಲೂ ನನ್ನನ್ನು ‘ಸಿಂಕಿನ ಮನಿಷಾ’ ಎನ್ನುವ ಹೆಂಗಸರಿದ್ದಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ನನ್ನ ಬಾಯಿ ಎಂಥದ್ದೆಂದು ಎಲ್ಲರಿಗೂ ಗೊತ್ತು.

ಅದು 2011ರ ಚೈತ್ರ. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತೂ ವರ್ಷ ಅಡುಗೆಮನೆಯ ಮೂಲೆಯ ಮೋರಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಪಾತ್ರೆ ತಿಕ್ಕಿದ್ದೇನೆ. ಎರಡನೆಯ ಹೆರಿಗೆಯಾದ ಮೇಲೆ ಸೊಂಟ ಹಿಡಿದುಕೊಂಡಿತು. ಇನ್ನು ಮೇಲೆ ನೆಲಕ್ಕೆ ಕುಳಿತು ಕೆಲಸ ಮಾಡಬೇಡಿ ಎಂದು ನಿಪ್ಪಾಣಿಯ ಡಾಕ್ಟರು ಹೇಳಿದರು. ಆ ಮಾತನ್ನು ನಾನು ಬಂಗಾರದ ಹಾಗೆ ಜೋಪಾನ ಮಾಡಿ ಮನೆಗೆ ತಂದೆ. ದಿನಕ್ಕೆ ಎರಡು ಸಲ ಗಂಡನ ಮುಂದೆ, ಒಂದು ಸಲ ಮಾವನ ಮುಂದೆ ತೆಗೆದು ತೋರಿಸಿದೆ.

ಕೊಲ್ಲಾಪುರದ ನಮ್ಮ ಅಕ್ಕನ ಮನೆಯಲ್ಲಿ ಒಂದು ಸಿಂಕ್ ನೋಡಿದ್ದೆ. ಹಾಲಿನಂಥ ಬಿಳುಪು, ಮೊಣಕೈವರೆಗೆ ಇಳಿಯುವ ಆಳ. ಎಲ್ಲ ಸಿಂಕುಗಳ ಹಾಗೆ ಅದು ಕಟ್ಟೆಯೊಳಗೆ ಹುದುಗಿ ಕೂರುವುದಿಲ್ಲ, ಅದರ ಮುಂಭಾಗ ಹೊರಗೇ ಕಾಣುತ್ತದೆ. ಅಂಗಡಿಯವರು ಅದಕ್ಕೆ ಫಾರ್ಮ್‌ಹೌಸ್ ಸಿಂಕ್ ಎನ್ನುತ್ತಾರೆ. ನನ್ನ ಗಂಡ ಜಿನೇಂದ್ರ ಕೊನೆಗೆ ಒಪ್ಪಿ ಅಂಥದ್ದನ್ನೇ ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಇಳಿಸುವುದಕ್ಕೆ ನಮ್ಮ ಮಗ್ಗದ ಶೆಡ್ಡಿನಿಂದ ನಾಲ್ಕು ಜನ ಬರಬೇಕಾಯಿತು.

“ಫಾರ್ಮ್‌ಹೌಸ್ ಅಂದ್ರ ತ್ವಾಟದ ಮನಿ ಹೌದಿಲ್ಲ?” ಎಂದರು ನಮ್ಮ ಮಾವ ಆಬಾಸಾಹೇಬರು. “ನಮ್ಮ ತ್ವಾಟದ ಮನ್ಯಾಗ ಒಂದ ಒಡಕ ಕೊಡಪಾನ ಐತಿ. ಇದು ಯಾರ ತ್ವಾಟದಾಗ ಇತ್ತಂತ?”

ನಮ್ಮತ್ತೆ ಕುಸುಮಬಾಯಿ ಅದರ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ತಟ್ಟಿ ನೋಡಿ, “ಆಕಳ ಕರಾ ಮೀಸಾಕ ಛಲೋ ಐತಿ” ಎಂದು ಒಳಗೆ ಹೋದರು. ಅಷ್ಟೇ. ಅವರು ಬೇಡ ಎನ್ನಲಿಲ್ಲವಲ್ಲ, ನನಗೆ ಅದೇ ದೊಡ್ಡದಾಗಿತ್ತು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಓಣಿಯಲ್ಲಿ ಎಲ್ಲ ಜೈನರ ಮನೆಗಳೂ ನಳದ ನೀರಿಗೆ ಒಗ್ಗಿಹೋಗಿದ್ದವು. ನಮ್ಮಲ್ಲಿಯೂ ಅಡುಗೆಗೆ, ಪಾತ್ರೆಗೆ ನಳದ ನೀರೇ. ಆದರೆ ಅತ್ತೆ ಮಾತ್ರ ಹಿತ್ತಲ ಬಾವಿಯ ನೀರನ್ನಲ್ಲದೆ ಬೇರೆ ಕುಡಿಯುತ್ತಿರಲಿಲ್ಲ. ಸೇದಿದ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಉಳಿದಿರುತ್ತವೆ, ಅವು ಸಾಯಬಾರದು, ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಹೋಗಬೇಕು. ಅದಕ್ಕಾಗಿ ಬಟ್ಟೆಯನ್ನು ಮಗುಚಿ ಹಿಡಿದು ಒಂದಿಷ್ಟು ಸೋಸಿದ ನೀರಿನಿಂದ ತೊಳೆದು, ಆ ನೀರನ್ನು ತಳಕ್ಕೆ ಕೊಂಡಿಯಿದ್ದ ಪುಟ್ಟ ಬಕೀಟಿನಲ್ಲಿ ಹಾಕಿ, ಹಗ್ಗದಿಂದ ಬಾವಿಯ ನೀರು ಮುಟ್ಟುವವರೆಗೆ ಇಳಿಸಿ ಮೆಲ್ಲಗೆ ಬೋರಲು ಮಾಡುತ್ತಿದ್ದರು. ಮೇಲಿನಿಂದ ಸುರಿದರೆ ಆ ಜೀವಿಗಳಿಗೆ ಪೆಟ್ಟಾಗುತ್ತದಂತೆ. ಮೂವತ್ತೈದು ವರ್ಷ, ದಿನಾ ಬೆಳಿಗ್ಗೆ. ಕಾಣದ ಜೀವಿಗೆ ತೋರಿಸುವ ಈ ಮರುಕದಲ್ಲಿ ಕಾಲುಭಾಗವನ್ನು ಕಣ್ಣೆದುರಿನ ಸೊಸೆಗೆ ತೋರಿಸಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅತ್ತೆಗೆ ಜೀವನದಲ್ಲಿ ಒಂದೇ ಆಸೆ ಇತ್ತು. ಊರಿಗೆ ಬರುವ ದಿಗಂಬರ ಜೈನ ಮುನಿ ಮಹಾರಾಜರ ಆಹಾರ ಒಂದು ಸಲವಾದರೂ ತಮ್ಮ ಮನೆಯಲ್ಲಿ ಆಗಬೇಕು. ಮಹಾರಾಜರು ದಿನಕ್ಕೆ ಒಂದೇ ಸಲ, ನಿಂತು, ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ನೀರು ಕುಡಿಯುವುದೂ ಆಗಲೇ. ಯಾವ ಮನೆಗೆ ಹೋಗುತ್ತಾರೆಂದು ಯಾರಿಗೂ ತಿಳಿಯುವುದಿಲ್ಲ. ಮನಸ್ಸಿನಲ್ಲಿ ಏನೋ ಒಂದು ಗುರುತು ಇಟ್ಟುಕೊಂಡು ಹೊರಟಿರುತ್ತಾರೆ, ಅದು ಎಲ್ಲಿ ಕಂಡಿತೋ ಆ ಬಾಗಿಲಲ್ಲಿ ನಿಲ್ಲುತ್ತಾರೆ. ಮನೆ ಮನೆಯವರೂ ಬಾವಿಯ ನೀರಿನಲ್ಲಿ ಮಡಿಯಿಂದ ಅಡುಗೆ ಮಾಡಿ, ಕಳಶ ಹಿಡಿದು, ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಅತ್ತೆ ಹನ್ನೊಂದು ವರ್ಷದಿಂದ ಹಾಗೆ ನಿಂತಿದ್ದರು. ಪ್ರತಿ ಸಲವೂ ಮಹಾರಾಜರು ನಮ್ಮ ಬಾಗಿಲು ದಾಟಿ ಮುಂದೆ ಹೋಗಿದ್ದರು. ಎದುರುಮನೆಯ ಜಯಪಾಲರ ಮನೆಗೆ ಮೂರು ಸಲ ಬಂದಿದ್ದರು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗಟ್ಟಿಯಾಗಿ ಕೆಮ್ಮುವ ಧೈರ್ಯವೂ ಇರುತ್ತಿರಲಿಲ್ಲ.

ಆ ಸಲ ಮಹಾರಾಜರು ನಿಪ್ಪಾಣಿಯ ಕಡೆಯಿಂದ ನಡೆದು ಬರುತ್ತಿದ್ದಾರೆಂದು ಸುದ್ದಿ ಬಂತು. ಆ ದಿನವೇ ಗೌಂಡಿ ಕಾಡಸಿದ್ದ ನಮ್ಮ ಮನೆಯಲ್ಲಿ ಸಿಂಕ್ ಕೂರಿಸುತ್ತಿದ್ದ. ಕಡಪಾ ಕಲ್ಲಿನ ಕಟ್ಟೆ ಕೊಯ್ದು, ಕೆಳಗೆ ಇಟ್ಟಿಗೆಯ ಎರಡು ಗೋಡೆ ಕಟ್ಟಿ, ಸಿಂಕನ್ನು ಎತ್ತಿ ಇಟ್ಟಾಗಿತ್ತು. ಉಳಿದದ್ದು ನೀರು ಹೊರಗೆ ಹೋಗುವ ದಾರಿ. ಹಳೆಯ ಮೋರಿಯ ಗಟಾರು ಸಿಂಕ್ ಇಟ್ಟ ಜಾಗಕ್ಕೆ ದೂರ. ಅಲ್ಲಿಗೆ ಪೈಪು ಒಯ್ಯಬೇಕಾದರೆ ಹಿತ್ತಲಿಗೆ ಹಾಸಿದ ಶಹಾಬಾದ ಫರಸಿಕಲ್ಲು ಅಗೆಯಬೇಕು, ಇನ್ನೂ ಎರಡು ದಿನದ ಕೆಲಸ. ಮನೆಯಲ್ಲಿ ಧೂಳು, ಬಾಗಿಲಿಗೆ ಮಹಾರಾಜರು! ನನಗೆ ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಕಾಡಸಿದ್ದ ಕರೆದ. ಸಿಂಕಿನ ಹಿಂದಿನ ಗೋಡೆ ಒಡೆಯುವಾಗ ಒಳಗೆ ಒಂದು ಮಣ್ಣಿನ ಕೊಳವೆಯ ಬಾಯಿ ಸಿಕ್ಕಿತ್ತು. ಅದಕ್ಕೆ ಕಟ್ಟಿಗೆಯ ಬೆಣೆ ಬಡಿದು ಗಿಲಾವು ಮೆತ್ತಿ ಮುಚ್ಚಿದ್ದರು.

“ಅಕ್ಕಾರ, ಹಳೇ ಗಟಾರ ಪೈಪ ಕಾಣಸ್ತೈತ್ರಿ. ಒಂದ ಕೊಡಪಾನ ನೀರ ಸುರದ್ಯಾ, ಗಟಗಟ ಕುಡೀತು. ಇದಕ್ಕ ಜೋಡಸ್ಲ್ಯಾ? ಫರಸಿ ಒಡ್ಯೂದ ತಪ್ಪತೈತಿ.”

“ಜೋಡಸ. ಇನ್ನ ಕೇಳೂದೇನೈತಿ?”

“ಹಿರ್ಯಾರನ್ನ ಒಂದ ಮಾತ ಕೇಳಬೇಕಿತ್ರಿ.”

“ಹಿರ್ಯಾರ ಬಸ್ತಿಗೆ ಹೋಗ್ಯಾರ. ಈ ಮನ್ಯಾಗ ಪಾತ್ರಿ ತಿಕ್ಕಾಕಿ ನಾನ ಅದೀನಿ. ಜೋಡಸ.”

ಆ ಮಾತು ಹೇಳುವಾಗ ನನ್ನ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ. ಸಂಜೆಯೊಳಗೆ ಕಾಡಸಿದ್ದ ಪೈಪು ಜೋಡಿಸಿ, ಸಿಮೆಂಟು ಮೆತ್ತಿ, ನಾಲ್ಕು ದಿನ ನೀರು ಬಿಡಬೇಡಿ ಎಂದು ಹೇಳಿ ಹೋದ.

ಮಹಾರಾಜರು ಊರಿಗೆ ಬಂದರು. ಮೊದಲ ದಿನ ಬೇರೊಂದು ಮನೆಯಲ್ಲಿ ಎರಡನೆಯ ತುತ್ತಿಗೇ ಅನ್ನದಲ್ಲಿ ಕೂದಲು ಬಂತು. ಕೂದಲು ಕಂಡರೆ ಆಹಾರ ಅಲ್ಲಿಗೇ ಮುಗಿಯಿತು, ನೀರನ್ನೂ ಮುಟ್ಟುವಂತಿಲ್ಲ. ಮರುದಿನ ಅವರೇ ವ್ರತವಾಗಿ ಹಿಡಿದ ಉಪವಾಸ. ಆ ಉಪವಾಸವನ್ನು ಅತ್ತೆಯೂ ಮಾಡಿದರು. ಅಂದೇ ಮಧ್ಯಾಹ್ನ ನಮ್ಮ ಸಿಂಕಿನ ನಾಲ್ಕು ದಿನದ ಗಡುವು ಮುಗಿದಿತ್ತು. ಅಡುಗೆಮನೆ ತೊಳೆಯಲು, ಗೋಧಿ ಆರಿಸಲು ಓಣಿಯ ಏಳೆಂಟು ಹೆಂಗಸರು ಬಂದಿದ್ದರು. ಅವರೆಲ್ಲರ ಚಹಾದ ಕಪ್ಪು, ದೊಡ್ಡ ಪಾತೇಲಿ, ಉಪ್ಪಿಟ್ಟಿನ ಕಡಾಯಿ ಎಲ್ಲವನ್ನೂ ನಾನು ನಿಂತುಕೊಂಡು ತಿಕ್ಕಿದೆ. ನಿಂತುಕೊಂಡು! ಸಾಬೂನಿನ ನೊರೆ ಮೊಣಕೈವರೆಗೆ ಏರಿತು. ಹೆಂಗಸರು ಸರದಿಯಲ್ಲಿ ಬಂದು ಸಿಂಕ್ ಮುಟ್ಟಿ ಹೋದರು. ಹಸಿರು ಸ್ಕ್ರಬ್ಬರಿನಿಂದ ಕಡಾಯಿಯ ತಳ ಉಜ್ಜುತ್ತ ನಾನು ಹಾಡು ಹೇಳುತ್ತಿದ್ದೆನಂತೆ, ಆಮೇಲೆ ಅವರು ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಐದಕ್ಕೆ ಅತ್ತೆ ಸ್ನಾನ ಮಾಡಿ ಬಾವಿಗೆ ಹೋದರು. ನಾನು ಎದ್ದು ಬಂದಾಗ ಇನ್ನೂ ನೀರು ಸೋಸುತ್ತಿದ್ದರು. ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದರು. ನಾಲ್ಕು ಸಲ ಎಣಿಸಿದೆ.

“ಅತ್ತಿ, ಸಾಕ ಮಾಡ್ರಿ. ನೀರ ಸವದ ಹೋಗ್ತೈತಿ,” ಎಂದೆ ನಗುತ್ತ. “ಆ ಅರಿವಿ ಇತ್ತಾಗ ಕೊಡ್ರಿ, ತೊಳದ ಹಾಕ್ತೀನಿ.”

“ಅರಿವಿ ಮುಟ್ಟಬ್ಯಾಡ!”

ಅಷ್ಟು ಜೋರಾಗಿ ಅವರು ನನ್ನನ್ನು ಎಂದೂ ಗದರಿಸಿರಲಿಲ್ಲ. ಮಹಾರಾಜರು ಬರುವ ದಿನ, ಹೊಟ್ಟೆಯಲ್ಲಿ ನಿನ್ನೆಯಿಂದ ಏನೂ ಇಲ್ಲ, ತಾಪ ಇರಬಹುದು ಎಂದು ಸುಮ್ಮನಾದೆ.

ಒಂಬತ್ತೂವರೆಗೆ ಎಲ್ಲವೂ ಸಿದ್ಧವಾಗಿತ್ತು. ಮಾವ, ಜಿನೇಂದ್ರ, ಅತ್ತೆ ಮೂವರೂ ಕಳಶ ಹಿಡಿದು ಬಾಗಿಲಿಗೆ ಹೋದರು. ನಾನೂ ಹೋಗಬೇಕು. ಸಿಂಕಿನಲ್ಲಿ ಬೆಳಗಿನ ಪಾತ್ರೆ ನೆನೆಹಾಕಿದ ನೀರು ತುಂಬಿ ನಿಂತಿತ್ತು, ಒಳಗೆ ಬಂದವರಿಗೆ ಕಾಣಬಾರದೆಂದು ಬೂಚು ಎಳೆದೆ. ಬಾವಿಕಟ್ಟೆಯ ಮೇಲೆ ಒಣಗಲು ಇಟ್ಟಿದ್ದ ಹಾಲಿನ ತಂಬಿಗೆ ತರೋಣವೆಂದು ಹಿತ್ತಲಿಗೆ ಹೋದೆ.

ಬಾವಿಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು.

ಬಗ್ಗಿ ನೋಡಿದೆ. ಅಡುಗೆಮನೆಯ ಕಡೆಯ ಗೋಡೆಯಲ್ಲಿ, ಕಲ್ಲುಗಳ ಸಂದಿಯಲ್ಲಿ, ಒಂದು ಮಣ್ಣಿನ ಬಾಯಿ. ಅದರಿಂದ ನೀರು ಸುರಿಯುತ್ತಿತ್ತು. ಕೆಳಗೆ ಕಪ್ಪು ನೀರಿನ ಮೇಲೆ ಬಿಳಿಯ ನೊರೆ ಗುಂಡಗೆ ತಿರುಗುತ್ತಿತ್ತು. ಕೊನೆಗೆ ಸಿಂಕು ಖಾಲಿಯಾಗುವಾಗ ಮಾಡುವ ಗೊರಗೊರ ಸದ್ದು ಆ ಗೋಡೆಯೊಳಗಿನಿಂದಲೇ ಬಂತು.

ನಿನ್ನೆಯ ಚಹಾ, ಎಣ್ಣೆ, ಸಾಬೂನು, ಕಡಾಯಿಯ ತಳದ ಕರಿ ಎಲ್ಲವೂ ಬಾವಿಗೇ ಹೋಗಿದೆ. ಅದೇ ನೀರಿನಲ್ಲಿ ಇಂದಿನ ಅಡುಗೆಯಾಗಿದೆ. ಅದೇ ನೀರು ಬೆಳ್ಳಿಯ ಕಳಶದಲ್ಲಿದೆ. ನಾನೇ ‘ಜೋಡಸ’ ಎಂದಿದ್ದೆ.

ಅಷ್ಟರಲ್ಲಿ ಮುಂಬಾಗಿಲಿನಿಂದ “ನಮೋಸ್ತು, ನಮೋಸ್ತು” ಎಂಬ ಕೂಗು ಕೇಳಿಸಿತು. ಓಣಿಯ ಉದ್ದಕ್ಕೂ ಎದ್ದು ಮುಂದಕ್ಕೆ ಸರಿಯುವ ಕೂಗು ಅದು. ಇಂದು ಸರಿಯಲಿಲ್ಲ. ನಮ್ಮ ಬಾಗಿಲಲ್ಲೇ ನಿಂತಿತು.

ಓಡಿದೆ. ತಲಬಾಗಿಲಿಗೆ ಬಂದು ನೋಡುತ್ತೇನೆ, ಮಹಾರಾಜರು ಅತ್ತೆಯ ಎದುರು ನಿಂತಿದ್ದಾರೆ. ಬಲಗೈಯ ಬೆರಳು ಕೂಡಿಸಿ ಹೆಗಲ ಮೇಲೆ ಇಟ್ಟಿದ್ದಾರೆ. ಆಹಾರಕ್ಕೆ ಹೊರಟವರ ಮುದ್ರೆ ಅದು. ಅದು ಹೆಗಲ ಮೇಲಿರುವವರೆಗೆ ಬೇರೆ ಮನೆಗೆ ಹೋಗಬಹುದು. ಒಳಗೆ ಬಂದು ಮುದ್ರೆ ಬಿಟ್ಟ ಮೇಲೆ ತಪ್ಪು ಕಂಡರೆ ಆ ದಿನವೂ ಉಪವಾಸವೇ. ಎರಡು ದಿನದಿಂದ ನೀರು ಕಾಣದ ಅವರ ತುಟಿಗಳು ಒಡೆದಿದ್ದವು. ಮಾವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಓಣಿಗೆ ಓಣಿಯೇ ನೋಡುತ್ತಿತ್ತು. ಮೂವರೂ ಮೂರು ಪ್ರದಕ್ಷಿಣೆ ಹಾಕಿದರು.

ಈಗ ಅತ್ತೆ ಹೇಳಬೇಕು. ಮನೆಯೊಳಗೆ ಕರೆಯುವ ಮೊದಲು ಮನಸ್ಸು, ಮಾತು, ಮೈ, ಆಹಾರ, ನೀರು ಎಲ್ಲವೂ ಶುದ್ಧವಾಗಿವೆ ಎಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ಆ ಮಾತನ್ನು ನಂಬಿಯೇ ಅವರು ಹೊಸ್ತಿಲು ದಾಟುವುದು.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೇನು ಬಂತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನೀರು ಕುದಿಸಿದ್ದೇವಲ್ಲ. ನಾಲ್ಕು ಸಲ ಸೋಸಿದ್ದಾರಲ್ಲ. ನನಗೊಬ್ಬಳಿಗೇ ಗೊತ್ತು, ನಾನು ಸುಮ್ಮನಿದ್ದರೆ ಮುಗಿಯಿತು. ಹನ್ನೊಂದು ವರ್ಷ ಕಾದ ಹೆಂಗಸಿನ ಬಾಯಿಂದ ತುತ್ತು ಕಸಿಯಲು ನಾನು ಯಾರು?

“ಮನ ಶುದ್ಧಿ,” ಎಂದರು ಅತ್ತೆ. “ವಚನ...” ಅಲ್ಲಿ ತಡೆದು ಕೈಯಲ್ಲಿದ್ದ ಕಳಶವನ್ನು ನೋಡಿದರು. “ವಚನ ಶುದ್ಧಿ. ಕಾಯ ಶುದ್ಧಿ. ಆಹಾರ...”

“ಅತ್ತೀ! ನೀರ ಕೆಟ್ಟೈತ್ರಿ!”

ನಾನು ಕೂಗಿದ್ದು ನನಗೇ ಕೇಳಿಸಿ ಬೆಚ್ಚಿದೆ. “ಸಿಂಕಿನ ನೀರ ಬಾವ್ಯಾಗ ಬೀಳಾಕತ್ತೈತ್ರಿ! ನಾನ ಜೋಡಸಂದಿದ್ಯಾ!”

ಜಿನೇಂದ್ರ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಮಾವನ ಕಳಶದ ಮೇಲಿದ್ದ ತೆಂಗಿನಕಾಯಿ ಜಾರಿ ಮೆಟ್ಟಿಲ ಮೇಲೆ ಉರುಳಿತು. ಅತ್ತೆ ಮಾತ್ರ ನನ್ನ ಕಡೆ ತಿರುಗಲಿಲ್ಲ.

“ಜಲ ಶುದ್ಧ ಇಲ್ಲ, ಸ್ವಾಮಿ,” ಎಂದರು. ಕಳಶವನ್ನು ಕೆಳಗಿಟ್ಟು, ನೆಲಕ್ಕೆ ಹಣೆ ಹಚ್ಚಿದರು.

ಆಹಾರಕ್ಕೆ ಹೊರಟ ಮಹಾರಾಜರು ಮಾತಾಡುವುದಿಲ್ಲ. ಅತ್ತೆಯ ಬಾಗಿದ ತಲೆಯನ್ನು ಒಂದು ಗಳಿಗೆ ನೋಡಿದರು. ಹೆಗಲ ಮೇಲಿನ ಕೈ ಹಾಗೆಯೇ ಇತ್ತು. ಹಿಂತಿರುಗಿದರು. ನಾಲ್ಕು ಹೆಜ್ಜೆಗೆ ಜಯಪಾಲರ ಬಾಗಿಲು. ಅಲ್ಲಿ ನಿಂತರು, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಜಯಕಾರ ಕೇಳಿಸಿತು, ಆಹಾರ ಶುರುವಾಗಿತ್ತು. ಅವರ ಬಾಯಿಗೆ ನೀರು ಬಿತ್ತಲ್ಲ ಎಂದು ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ಆಮೇಲೆ ನಮ್ಮ ಮನೆಯಲ್ಲಿ ಆದ ರಂಪವನ್ನು ಕೇಳಬೇಡಿ. ಮಾವ ಹಿತ್ತಲಿಗೆ ಹೋಗಿ ಬಾವಿಯೊಳಗೆ ಬಗ್ಗಿ ನೋಡಿದವರೇ ಕಿರುಚಿದರು.

“ಅದು ನಮ್ಮವ್ವನ ಕೊಳವಿ! ತಾರವ್ವನ ಕೊಳವಿ!”

ಅವರ ತಾಯಿ ತಾರವ್ವನಿಗೆ ಕೊನೆಗಾಲದಲ್ಲಿ ಕಾಲು ಬಿದ್ದುಹೋಗಿ ಬಾವಿಯವರೆಗೆ ನಡೆಯಲಾಗುತ್ತಿರಲಿಲ್ಲವಂತೆ. ಸೋಸಿದ ಬಟ್ಟೆಯ ಜೀವಿಗಳನ್ನು ಕುಳಿತಲ್ಲಿಂದಲೇ ಬಾವಿಗೆ ಬಿಡಬೇಕೆಂದು ಹಟ ಹಿಡಿದಾಗ ಮಾವನೇ ಅಡುಗೆಮನೆಯಿಂದ ಬಾವಿಯ ಗೋಡೆಯವರೆಗೆ ಆ ಮಣ್ಣಿನ ಕೊಳವೆ ಹಾಕಿಸಿದ್ದರು. ಆ ಕಾಲಕ್ಕೆ ಬಾವಿಯ ನೀರು ಕೊಳವೆಯ ಬಾಯಿಯ ಮಟ್ಟಕ್ಕೇ ಇರುತ್ತಿತ್ತಂತೆ. ತಾಯಿ ತೀರಿಕೊಂಡ ಮೇಲೆ ಬೆಣೆ ಬಡಿದು ಮುಚ್ಚಿದರು. ಜೀವ ಉಳಿಸಲು ಹಾಕಿದ ಕೊಳವೆಗೆ ನಾನು ನನ್ನ ಎಂಜಲು ಪಾತ್ರೆ ಜೋಡಿಸಿದ್ದೆ.

“ಆ ಸಿಂಕ್ ಒಡದ ಹಾಕ್ತೀನಿ!” ಮಾವ ಸುತ್ತಿಗೆ ಹಿಡಿದು ಅಡುಗೆಮನೆಗೆ ನುಗ್ಗಿದರು. ನಾನು ಬೇಡ ಎನ್ನಲಿಲ್ಲ. ಒಡೆದರೆ ಒಡೆಯಲಿ, ನನಗೂ ಅದರ ಬಿಳುಪು ನೋಡಲಾಗುತ್ತಿರಲಿಲ್ಲ.

ಅತ್ತೆ ಅಡ್ಡ ಬಂದರು. “ಸಿಂಕಿಗೇನ ಗೊತ್ತೈತ್ರಿ? ಸುತಗಿ ಕೆಳಗ ಇಡ್ರಿ. ಕಾಡಸಿದ್ದನ್ನ ಕರಸ್ರಿ, ಆ ಪೈಪ ಮೊದಲ ಕೊಯ್ಸಿ ಕೊಳವಿ ಬಾಯಿ ಮುಚ್ಚಸ್ರಿ.”

ಮೋಟಾರು ಹಚ್ಚಿ ಬಾವಿಯ ನೀರೆಲ್ಲ ಎತ್ತಿ ಹಾಕೋಣವೆಂದು ಜಿನೇಂದ್ರ ಹೇಳಿದಾಗಲೂ ಅವರೇ ತಡೆದರು. “ಅದರಾಗಿನ ಜೀವಾ ಎಲ್ಲಿಗೆ ಹೋಗ್ಬೇಕು? ಮೋಟಾರ ಬ್ಯಾಡ.”

ಮಧ್ಯಾಹ್ನ ಕಾಡಸಿದ್ದ ಬಂದು ಪೈಪು ಕೊಯ್ದು ಹೋದ. ನನ್ನ ಮುಖ ನೋಡದೆ ಬಂದ, ನನ್ನ ಮುಖ ನೋಡದೆ ಹೋದ. ಮನೆಯಲ್ಲಿ ಯಾರೂ ಉಂಡಿರಲಿಲ್ಲ. ಮಾವ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅತ್ತೆ ಬಾವಿಕಟ್ಟೆಯ ಬಳಿ ನಿಂಬೆಗಿಡದ ನೆರಳಿನಲ್ಲಿ ಕುಳಿತಿದ್ದರು. ನನ್ನನ್ನು ಕೈಸನ್ನೆ ಮಾಡಿ ಕರೆದರು.

ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ನಿಂತಲ್ಲೇ ಶುರು ಮಾಡಿದೆ. “ಅತ್ತಿ, ನಂದ ತಪ್ಪಾಗೇತ್ರಿ. ಒಂದ ಮಾತ ಕೇಳಬೇಕಿತ್ತ ನಾನು. ಬಡಕೊಂಡ ಹೇಳಿದ ಕಾಡಸಿದ್ದ, ಹಿರ್ಯಾರನ್ನ ಕೇಳ್ರಿ ಅಂತ...”

“ಕುಂದರ.”

“ಹನ್ನೊಂದ ವರ್ಷದ್ದು ನಾ ಒಂದ ದಿನದಾಗ...”

“ಕುಂದರ ಅಂದ್ಯಾ.”

ಕುಳಿತೆ. ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿದರು. ಗಂಟಿನಲ್ಲಿದ್ದದ್ದನ್ನು ಅಂಗೈಯಲ್ಲಿ ಇಟ್ಟು ನನ್ನ ಮುಂದೆ ಹಿಡಿದರು. ಒಂದು ಹಸಿರು ಎಳೆ. ನನ್ನ ಸ್ಕ್ರಬ್ಬರಿನದು. ಅದರ ಜೊತೆ ಎರಡು ಕಾಳು ಚಹಾಪುಡಿ.

“ಎಲ್ಲಿ ಸಿಕ್ತ್ರೀ ಇದು?”

“ಸೋಸೂ ಅರಿವ್ಯಾಗ.”

“ಯಾವಾಗ?”

“ಬೆಳಿಗ್ಗೆ ಐದಕ್ಕ.”

ನನಗೆ ಒಮ್ಮೆಗೇ ಅರ್ಥವಾಗಲಿಲ್ಲ. ಅರ್ಥವಾದಾಗ ಆದಂಥ ಆಘಾತ ಬಾವಿಯೊಳಗೆ ನೊರೆ ಕಂಡಾಗಲೂ ಆಗಿರಲಿಲ್ಲ. ಮೂವತ್ತೈದು ವರ್ಷ ಕಾಣದ ಜೀವಿಗಳಿಗಾಗಿ ಹಗ್ಗ ಇಳಿಸಿದ ಹೆಂಗಸು! ಒಂದು ಇರುವೆ ಅಡ್ಡ ಬಂದರೆ ಒಲೆ ಹೊತ್ತಿಸದ ನಮ್ಮತ್ತೆ!

“ನಿಮಗ ಗೊತ್ತಿತ್ತ?” ಎಂದೆ.

“ಗೊತ್ತಿತ್ತ. ಇದು ಕಂಡ ಕೂಡ್ಲೆ ತಾರವ್ವನ ಕೊಳವಿ ನೆನಪಾತು. ಸಿಂಕಿನ ಹಿಂದಿನ ಗ್ವಾಡಿ ನೆನಪಾತು. ಎಲ್ಲಾ ತಿಳೀತು.” ಅವರು ಬಾವಿಯನ್ನೇ ನೋಡುತ್ತಿದ್ದರು. “ನಾಕ ಸಲ ಸೋಸಿದ್ಯಾ. ಐದನೇ ಸಲ ಸೋಸಿದ್ರ ಶುದ್ಧ ಆಗ್ತೈತೇನು ಅಂತ ನಿಂತ್ಯಾ. ಜಯಪಾಲನ ಬಾವಿಯಿಂದ ನೀರ ತರಬಹುದಿತ್ತು. ತರಾಕ ಹೋದ್ರ ಯಾಕ ಅಂತ ಕೇಳ್ತಾರ. ಕೇಳಿದ್ರ ಹೇಳಬೇಕು. ಹೇಳಿದ್ರ ಈ ಮನಿ ಬಾಗಲಕ್ಕ ನಿಂದರಾಕ ನನಗ ಯೋಗ್ಯತಾ ಎಲ್ಲಿ ಉಳೀತು? ಸುಮ್ಮನಾದ್ಯಾ. ಎಂದೂ ಬಂದಿಲ್ಲ, ಇವತ್ತೂ ಬರೂದಿಲ್ಲ ಅಂದಕೊಂಡ್ಯಾ. ಬಂದಬಿಟ್ರು.”

ನಾನು ಕುಳಿತಲ್ಲಿಂದಲೇ ಅವರ ಹತ್ತಿರ ಸರಿದೆ.

“ನೀ ಒದರದಿದ್ರ ನಾ ಅಂದಬಿಡ್ತಿದ್ಯಾ, ಮನಿಷಾ. ಜಲ ಶುದ್ಧ ಅಂತ ಅಂದಬಿಡ್ತಿದ್ಯಾ. ಎರಡ ದಿನದ ಉಪಾಸದ ಬಾಯಿಗೆ ಆ ನೀರ ಹಾಕ್ತಿದ್ಯಾ. ನಾಲಿಗಿ ತುದೀಗೆ ಬಂದಿತ್ತು.”

ಅತ್ತೆ ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವರ ಮುಖದ ಮೇಲೆ ಇದ್ದದ್ದು ಬೆರಗು. ತಮ್ಮೊಳಗೆ ಇಂಥ ಹೆಂಗಸು ಇದ್ದಾಳೆಂದು ಅವರಿಗೂ ಅಂದೇ ಗೊತ್ತಾದಂತಿತ್ತು. ನಾನು ಅವರ ಕೈ ಹಿಡಿದೆ. ಆ ಹಸಿರು ಎಳೆ ನಮ್ಮಿಬ್ಬರ ಅಂಗೈಗಳ ನಡುವೆ ಸಿಕ್ಕಿಕೊಂಡಿತು. ಅವರ ಕೈ ತಣ್ಣಗಿತ್ತು. ನಿನ್ನೆ ಮುಂಜಾನೆಯಿಂದ ಅವರೂ ಹನಿ ನೀರು ಕುಡಿದಿರಲಿಲ್ಲ ಎಂಬುದು ಆಗ ನೆನಪಾಯಿತು.

“ನಾಳಿ ಮುಂಜಾನೆ ಮಹಾರಾಜರು ರಾಯಬಾಗದ ಕಡಿಗೆ ಹೊಂಡ್ತಾರಂತ,” ಎಂದರು. “ಅದರಕಿಂತ ಮೊದಲ ಬಸ್ತಿಗೆ ಹೋಗಿ ಇದನ್ನ ಹೇಳಬೇಕು. ಎಲ್ಲಾರ ಮುಂದ ಹೇಳಬೇಕು. ಓಣ್ಯಾಗ ಎಲ್ಲಾರೂ ನಿನ್ನ ಅನ್ನಾಕತ್ತಾರ, ಸಿಂಕಿನಾಕಿ ಕೆಡಿಸಿದ್ಲು ಅಂತ.”

“ಅಂದ್ರ ಅನ್ಲಿ ಬಿಡ್ರಿ ಅತ್ತಿ. ನೀವ್ಯಾಕ ಎಲ್ಲಾರ ಮುಂದ...”

“ಹೇಳಬೇಕು,” ಎಂದರು. ಆಮೇಲೆ ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದರು. “ನೀನೂ ನನ್ನ ಜೋಡಿ ಬಾ. ಅಲ್ಲಿ ನಾ ಮತ್ತ ಸುಮ್ಮನ ನಿಂತ್ರ, ಇವತ್ತ ಒದರಿದಿ ನೋಡ, ಹಂಗ ಒದರು.”